ಕಿಡ್ನಿ ಫೇಲ್ ಎಂದು ಗೊತ್ತಾದ ಮೇಲಿನ ಮೊದಲ ಎರಡು ತಿಂಗಳು: ಮಲೆನಾಡಿನ ಮನೆಗಳಿಗೆ ಒಂದು ಮಾರ್ಗದರ್ಶಿ

ಕ್ರಿಯಾಟಿನಿನ್ (ಕಿಡ್ನಿ ಹೊರಹಾಕಬೇಕಾದ ಕಸ ರಕ್ತದಲ್ಲಿ ಎಷ್ಟು ಉಳಿದಿದೆ ಎಂಬ ಅಳತೆ) 7 ಅಥವಾ 8 ಎಂದು ರಿಪೋರ್ಟ್ ಬಂದ ದಿನ ಮನೆಯಲ್ಲಿ ಎರಡು ಬಗೆಯ ಮಾತು ಏಳುತ್ತದೆ. ಈ ರಾತ್ರಿಯೇ ಬೆಂಗಳೂರಿಗೋ ಮಣಿಪಾಲಕ್ಕೋ ಹೊರಡಬೇಕು ಎನ್ನುವವರು ಒಂದು ಕಡೆ. ಡಯಾಲಿಸಿಸ್ (ಕಿಡ್ನಿಯ ಬದಲು ರಕ್ತ ಶುದ್ಧ ಮಾಡುವ ಚಿಕಿತ್ಸೆ) ಶುರುವಾದರೆ ಮುಗಿಯಿತು, ಅದಕ್ಕೂ ಮೊದಲು ನಾಟಿ ಔಷಧಿ ನೋಡೋಣ ಎನ್ನುವವರು ಇನ್ನೊಂದು ಕಡೆ. ಈ ಜಗ್ಗಾಟದಲ್ಲಿ ಮೊದಲ ವಾರದಲ್ಲೇ ಆಗಬೇಕಾದ ಕೆಲಸಗಳು ಬಿಟ್ಟುಹೋಗುತ್ತವೆ. ಕೈಯ ನರ (ರಕ್ತನಾಳ) ಉಳಿಸಿಕೊಳ್ಳುವುದು, ನೋವಿನ ಮಾತ್ರೆ ನಿಲ್ಲಿಸುವುದು, ಹಳೆಯ ರಿಪೋರ್ಟ್ ಹುಡುಕುವುದು ನೋಡಲು ಸಣ್ಣವು. ಆದರೆ ಮುಂದಿನ ವರ್ಷಗಳು ಹೇಗಿರುತ್ತವೆ ಎಂಬುದು ಬಹುಮಟ್ಟಿಗೆ ಇವುಗಳಿಂದಲೇ ನಿರ್ಧಾರವಾಗುತ್ತದೆ.

ಈ ಲೇಖನ ಓದುತ್ತಿರುವಾಗಲೇ ರೋಗಿಗೆ ಮಲಗಿದರೆ ಉಸಿರು ಕಟ್ಟುತ್ತಿದ್ದರೆ, ಮೂತ್ರ ಪೂರ್ತಿ ನಿಂತಿದ್ದರೆ, ಮಾತು ತೊದಲಿ ಮಂಪರು ಬರುತ್ತಿದ್ದರೆ, ಕೈಕಾಲು ಇದ್ದಕ್ಕಿದ್ದಂತೆ ಸೋತಿದ್ದರೆ ಅಥವಾ ರಕ್ತದಲ್ಲಿ ಪೊಟ್ಯಾಸಿಯಂ 6ಕ್ಕಿಂತ ಹೆಚ್ಚು ಎಂದು ಬಂದಿದ್ದರೆ ಉಳಿದದ್ದನ್ನು ಆಮೇಲೆ ಓದಿ. 108ಕ್ಕೆ ಕರೆ ಮಾಡಿ, ಡಯಾಲಿಸಿಸ್ ಇರುವ ಆಸ್ಪತ್ರೆಗೆ ಹೋಗಿ. ಪೊಟ್ಯಾಸಿಯಂ ಏರಿದರೆ ಹೃದಯ ಮುನ್ಸೂಚನೆ ಕೊಡದೆ ನಿಲ್ಲಬಹುದು.

ದಿಢೀರ್ ಕೆಟ್ಟಿದೆಯೋ, ನಿಧಾನಕ್ಕೆ ಕೆಟ್ಟಿದೆಯೋ

ವೈದ್ಯರಿಗೆ ಕೇಳಬೇಕಾದ ಮೊದಲ ಪ್ರಶ್ನೆ ಇದು. ಮಲೆನಾಡಿನಲ್ಲಿ ಇದಕ್ಕೆ ಇನ್ನೂ ಹೆಚ್ಚಿನ ಅರ್ಥವಿದೆ. ಮಳೆಗಾಲದಲ್ಲಿ ಗದ್ದೆ ಕೆಸರಿನಲ್ಲಿ ಬರಿಗಾಲಲ್ಲಿ ದುಡಿದವರಿಗೆ ಬರುವ ಇಲಿ ಜ್ವರ, ಕೊಳಕುಮಂಡಲ ಕಚ್ಚಿದ ವಿಷ, ವಿಪರೀತ ವಾಂತಿಭೇದಿ, ವಾರಗಟ್ಟಲೆ ನುಂಗಿದ ನೋವಿನ ಮಾತ್ರೆ ಇವೆಲ್ಲ ಕಿಡ್ನಿಯನ್ನು ಕೆಲವೇ ದಿನಗಳಲ್ಲಿ ನಿಲ್ಲಿಸಬಲ್ಲವು. ಹೀಗೆ ದಿಢೀರ್ ನಿಂತ ಕಿಡ್ನಿ ಬಹಳಷ್ಟು ಮಂದಿಯಲ್ಲಿ ಕೆಲವು ವಾರಗಳಲ್ಲಿ ಚೇತರಿಸಿಕೊಳ್ಳುತ್ತದೆ. ಅಲ್ಲಿಯವರೆಗೆ ಜೀವ ಹಿಡಿದಿಡುವುದು ಡಯಾಲಿಸಿಸ್. 'ಒಮ್ಮೆ ಶುರು ಮಾಡಿದರೆ ಬಿಡುವ ಹಾಗಿಲ್ಲ' ಎಂಬ ಹೆದರಿಕೆಯಿಂದ ಇಂಥವರು ಬೇಡ ಎಂದುಬಿಟ್ಟರೆ ಉಳಿಯಬಹುದಾಗಿದ್ದ ಜೀವ ಹೋಗುತ್ತದೆ. ಬಿಡಲಾಗದ ಸ್ಥಿತಿ ಬರುವುದು ಕಿಡ್ನಿ ಶಾಶ್ವತವಾಗಿ ಕೆಟ್ಟಿರುವುದರಿಂದ. ಡಯಾಲಿಸಿಸ್ ಅದಕ್ಕೆ ಕಾರಣವಲ್ಲ.

ವ್ಯತ್ಯಾಸ ತಿಳಿಯಲು ಎರಡು ದಾರಿಗಳಿವೆ. ಮೊದಲನೆಯದು ಹೊಟ್ಟೆಯ ಸ್ಕ್ಯಾನಿಂಗ್. ದೊಡ್ಡವರ ಕಿಡ್ನಿ ಸಾಮಾನ್ಯವಾಗಿ 9ರಿಂದ 12 ಸೆಂಟಿಮೀಟರ್ ಉದ್ದ. ಎರಡೂ ಕುಗ್ಗಿ 7–8ಕ್ಕೆ ಇಳಿದಿದ್ದರೆ ಅದು ವರ್ಷಗಳಿಂದ ನಡೆದುಬಂದ ಕಾಯಿಲೆ. ಆದರೆ ಸಕ್ಕರೆ ಕಾಯಿಲೆಯಿಂದ ಕೆಟ್ಟ ಕಿಡ್ನಿ ಕುಗ್ಗದೆಯೂ ಇರಬಹುದು. ಎರಡನೆಯದು ಹಳೆಯ ರಿಪೋರ್ಟ್. ಹೆರಿಗೆಗೆ, ಆಪರೇಷನ್‌ಗೆ, ಬಿಪಿ ತಪಾಸಣೆಗೆ ಎಂದು ಹಿಂದೆ ಯಾವಾಗಲೋ ರಕ್ತ ಪರೀಕ್ಷೆ ಮಾಡಿಸಿರುತ್ತೀರಿ. ಅಟ್ಟದ ಪೆಟ್ಟಿಗೆ, ಗೋಡೆಯ ಕಪಾಟು ಎಲ್ಲ ಕಡೆ ಹುಡುಕಿ ತನ್ನಿ. ಎರಡು ವರ್ಷದ ಹಿಂದೆ ಕ್ರಿಯಾಟಿನಿನ್ 2.4 ಇತ್ತೇ, ಹೋದ ತಿಂಗಳವರೆಗೂ 0.9 ಇತ್ತೇ ಎಂಬುದು ಚಿಕಿತ್ಸೆಯ ದಿಕ್ಕನ್ನೇ ಬದಲಿಸುತ್ತದೆ. ತೊಂದರೆ ಮೂರು ತಿಂಗಳಿಗಿಂತ ಹಳೆಯದಾಗಿದ್ದರೆ ಅದನ್ನು ದೀರ್ಘಕಾಲದ ಕಾಯಿಲೆ ಎಂದು ಲೆಕ್ಕ ಹಾಕುತ್ತಾರೆ.

ಕ್ರಿಯಾಟಿನಿನ್ ಒಂದನ್ನೇ ನೋಡಿ ಪಕ್ಕದ ಮನೆಯವರ ಜೊತೆ ಹೋಲಿಸಿಕೊಳ್ಳಬೇಡಿ. ವಯಸ್ಸು ಮತ್ತು ಗಂಡೋ ಹೆಣ್ಣೋ ಎಂಬುದನ್ನು ಸೇರಿಸಿ, ಕಿಡ್ನಿ ಎಷ್ಟು ಕೆಲಸ ಮಾಡುತ್ತಿದೆ ಎಂದು ಲೆಕ್ಕ ಹಾಕುವ ಇಜಿಎಫ್‌ಆರ್ ಸಂಖ್ಯೆಯನ್ನು ಕೇಳಿ ಬರೆದುಕೊಳ್ಳಿ. ಕ್ರಿಯಾಟಿನಿನ್ 3.5 ಇರುವ 30 ವರ್ಷದ ಗಂಡಸಿಗೆ ಅದು ಸುಮಾರು 23. ಅದೇ 3.5 ಇರುವ 65 ವರ್ಷದ ಹೆಂಗಸಿಗೆ ಸುಮಾರು 14, ಅಂದರೆ ಕೊನೆಯ ಹಂತ. 15ಕ್ಕಿಂತ ಕಡಿಮೆಯಾದರೆ ಅದು ಐದನೇ ಹಂತ. ಹಾಗೆಂದು ಅಂದೇ ಡಯಾಲಿಸಿಸ್ ಬೇಕೆಂದೂ ಅಲ್ಲ. ಊಟ ಸೇರದಿರುವುದು, ವಾಕರಿಕೆ, ಔಷಧಿಗೆ ಬಗ್ಗದ ಊತ, ಉಬ್ಬಸ, ಏರುವ ಪೊಟ್ಯಾಸಿಯಂ ಇವನ್ನು ನೋಡಿ ವೈದ್ಯರು ಸಮಯ ಗೊತ್ತುಮಾಡುತ್ತಾರೆ. ಆ ಸಮಯ ಬರುವವರೆಗಿನ ತಿಂಗಳುಗಳು ತಯಾರಿಗೆ ಸಿಕ್ಕ ಅವಕಾಶ.

ಇವತ್ತೇ ಮಾಡಬೇಕಾದದ್ದು: ಒಂದು ಕೈ ಮೀಸಲಿಡಿ

ಬಲಗೈ ಬಳಸುವವರಾದರೆ ಎಡಗೈಯನ್ನು, ಎಡಗೈಯವರಾದರೆ ಬಲಗೈಯನ್ನು ಇಂದಿನಿಂದ ಯಾರಿಗೂ ಚುಚ್ಚಲು ಕೊಡಬೇಡಿ. ರಕ್ತ ತೆಗೆಯುವುದು, ಗ್ಲೂಕೋಸ್ ಹಾಕುವುದು, ಬಿಪಿ ಪಟ್ಟಿ ಕಟ್ಟುವುದು ಎಲ್ಲವೂ ಇನ್ನೊಂದು ಕೈಗೆ. ಅಲ್ಲೂ ಸಾಧ್ಯವಾದಷ್ಟು ಅಂಗೈಯ ಹಿಂಭಾಗದ ನರಕ್ಕೇ ಚುಚ್ಚಲು ಹೇಳಿ. ಲ್ಯಾಬಿನವರಿಗೆ, ನರ್ಸ್‌ಗೆ ಇದನ್ನು ನೀವೇ ಬಾಯಿಬಿಟ್ಟು ಹೇಳಬೇಕು. ಅವಸರದಲ್ಲಿ ಎಲ್ಲರೂ ಮೊಣಕೈ ಮಡಿಕೆಯ ದಪ್ಪ ನರವನ್ನೇ ಹುಡುಕುತ್ತಾರೆ.

ಕಾರಣ ಫಿಸ್ಟುಲಾ. ಮುಂಗೈಯಲ್ಲಿ ಹೃದಯದಿಂದ ರಕ್ತ ತರುವ ಒಂದು ಅಪಧಮನಿಯನ್ನು, ಹೃದಯಕ್ಕೆ ರಕ್ತ ಒಯ್ಯುವ ಪಕ್ಕದ ಅಭಿಧಮನಿಗೆ ಜೋಡಿಸುವ ಸಣ್ಣ ಆಪರೇಷನ್ ಇದು. ಕೈ ಮಾತ್ರ ಮರಗಟ್ಟಿಸಿ ಮಾಡುತ್ತಾರೆ. ರಕ್ತದ ರಭಸಕ್ಕೆ ನರ ನಿಧಾನವಾಗಿ ಹಿಗ್ಗಿ ಗೋಡೆ ಗಟ್ಟಿಯಾಗುತ್ತದೆ. ಸೂಜಿ ಹಾಕುವಷ್ಟು ಬಲಿಯಲು ಕನಿಷ್ಠ 6ರಿಂದ 8 ವಾರ, ಕೆಲವರಿಗೆ ಮೂರು ತಿಂಗಳು ಬೇಕು. ಡಯಾಲಿಸಿಸ್ ಬೇಕೇಬೇಕು ಎನ್ನುವ ರಾತ್ರಿ ಫಿಸ್ಟುಲಾ ಮಾಡಿಸಿದರೆ ಪ್ರಯೋಜನವಿಲ್ಲ ಎನ್ನುವುದು ಇದಕ್ಕೇ. ಆಗ ಉಳಿಯುವುದು ಕುತ್ತಿಗೆಗೆ ಹಾಕುವ ಕ್ಯಾತಿಟರ್ ಎಂಬ ಕೊಳವೆ ಮಾತ್ರ. ಅದು ನೇರ ಹೃದಯದ ಹತ್ತಿರದ ನಾಳಕ್ಕೆ ಹೋಗುವುದರಿಂದ ಸೋಂಕು ಹತ್ತಿದರೆ ರಕ್ತಕ್ಕೇ ಹರಡುತ್ತದೆ, ಬಹಳ ದಿನ ಇದ್ದರೆ ಆ ನಾಳ ಕಿರಿದಾಗುತ್ತದೆ. ಇಜಿಎಫ್‌ಆರ್ 20ರಿಂದ 15ರ ಕಡೆಗೆ ಇಳಿಯುತ್ತಿರುವಾಗಲೇ ಫಿಸ್ಟುಲಾ ಯಾವಾಗ ಎಂದು ನೀವಾಗಿಯೇ ಕೇಳಿ.

ಆಪರೇಷನ್ ಆದ ಮೇಲೆ ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ಆ ಜಾಗದ ಮೇಲೆ ಬೆರಳಿಟ್ಟು ನೋಡಿ. ಜುಂ ಎನ್ನುವ ಕಂಪನ ಸಿಗಬೇಕು. ಸಿಗದಿದ್ದರೆ ಅದೇ ದಿನ ಆಸ್ಪತ್ರೆಗೆ ಹೋಗಬೇಕು. ಹೆಪ್ಪು ತೆಗೆದು ಉಳಿಸಿಕೊಳ್ಳುವ ಅವಕಾಶ ಗಂಟೆಗಳ ಲೆಕ್ಕದಲ್ಲಿರುತ್ತದೆ. ವೈದ್ಯರು ಹೇಳಿದಾಗಿನಿಂದ ಮೆತ್ತನೆಯ ಚೆಂಡು ಹಿಸುಕುವ ವ್ಯಾಯಾಮ ಮಾಡಿ. ಆ ಕೈಗೆ ಬಿಗಿ ಬಳೆ, ವಾಚು ಬೇಡ, ತಲೆದಿಂಬಾಗಿ ಮಡಚಿ ಮಲಗುವುದೂ ಬೇಡ. ಅಡಿಕೆ ಗೊನೆ ಹೊರುವುದು, ಸೊಪ್ಪಿನ ಹೊರೆ ಎತ್ತುವುದು, ಬಾವಿಯಿಂದ ಕೊಡ ಸೇದುವುದು ಆ ಕೈಗೆ ಸಲ್ಲ.

ಕುತ್ತಿಗೆಗೆ ಕ್ಯಾತಿಟರ್ ಈಗಾಗಲೇ ಬಿದ್ದಿದ್ದರೆ ಅದು ಒದ್ದೆಯಾಗದಂತೆ ಕಾಯುವುದೇ ದೊಡ್ಡ ಕೆಲಸ. ಹಂಡೆ ನೀರನ್ನು ತಲೆಯಿಂದ ಸುರಿದುಕೊಳ್ಳುವ ಸ್ನಾನ ಬಿಟ್ಟು ಸೊಂಟದ ಕೆಳಗೆ ಸ್ನಾನ ಮಾಡಿ, ಮೇಲೆ ಒದ್ದೆ ಬಟ್ಟೆಯಲ್ಲಿ ಒರೆಸಿಕೊಳ್ಳಿ. ಅದರ ಮುಚ್ಚಳವನ್ನು ಡಯಾಲಿಸಿಸ್ ಸಿಬ್ಬಂದಿ ಬಿಟ್ಟು ಬೇರೆ ಯಾರೂ ತೆಗೆಯಬಾರದು. ಚಳಿ ನಡುಗಿ ಜ್ವರ ಬಂದರೆ, ಅದರಲ್ಲೂ ಡಯಾಲಿಸಿಸ್ ನಡೆಯುವಾಗ ಅಥವಾ ಆದ ಸಂಜೆ ಬಂದರೆ, ಮಳೆಯಲ್ಲಿ ನೆಂದದ್ದಕ್ಕೆ ಬಂತೆಂದು ಮನೆಯಲ್ಲಿ ಕೂರಬೇಡಿ.

ಮನೆಯ ಔಷಧಿ ಡಬ್ಬ ತೆಗೆದು ನೋಡಿ

ಡೈಕ್ಲೋಫೆನಾಕ್, ಅಸೆಕ್ಲೋಫೆನಾಕ್, ಐಬುಪ್ರೊಫೆನ್ ಎಂಬ ಹೆಸರಿರುವ ನೋವಿನ ಮಾತ್ರೆಗಳನ್ನು ತೆಗೆದಿಡಿ. ಅಡಿಕೆ ಕೊನೆ ಕೊಯ್ಲಿನ ಸಮಯದಲ್ಲಿ ಸೊಂಟನೋವಿಗೆ ಅಂಗಡಿಯಿಂದ ತಂದು ನುಂಗುವ ಮಾತ್ರೆಗಳಲ್ಲಿ ಇವೇ ಇರುತ್ತವೆ. ಉಳಿದಿರುವ ಕಿಡ್ನಿಯನ್ನೂ ಇವು ಕೆಡಿಸುತ್ತವೆ. ನೋವು ಜ್ವರಕ್ಕೆ ಪ್ಯಾರಾಸಿಟಮಾಲ್ ಸಾಕು. ಉರಿಮೂತ್ರಕ್ಕೆಂದು ಕೊಡುವ ಸಿಟ್ರೇಟ್ ಸಿರಪ್‌ಗಳ ಪೈಕಿ ಕೆಲವುಗಳಲ್ಲಿ ಪೊಟ್ಯಾಸಿಯಂ ಇರುತ್ತದೆ. ಮೆಗ್ನೀಸಿಯಂ ಇರುವ ಆಸಿಡಿಟಿ ಔಷಧಿ, ಮಲಬದ್ಧತೆಗೆ ಕೊಡುವ ಭೇದಿ ಔಷಧಿ ಮೈಯಲ್ಲಿ ಉಳಿದು ವಿಷವಾಗುತ್ತವೆ.

ಸಕ್ಕರೆ ಕಾಯಿಲೆಯವರು ಇದನ್ನು ಗಮನವಿಟ್ಟು ಓದಿ. ಕಿಡ್ನಿ ಸೋತಂತೆ ಇನ್ಸುಲಿನ್ ಮೈಯಿಂದ ಬೇಗ ಹೊರಹೋಗುವುದಿಲ್ಲ, ಹಳೆಯ ಪ್ರಮಾಣವೇ ಹೆಚ್ಚಾಗುತ್ತದೆ. 'ಶುಗರ್ ತಾನಾಗಿಯೇ ಕಂಟ್ರೋಲಿಗೆ ಬಂತು' ಎಂದು ಸಮಾಧಾನಪಡುವ ಹೊತ್ತಿಗೆ ಒಂದು ಬೆಳಗಿನ ಜಾವ ಸಕ್ಕರೆ ಕುಸಿದು ಎಚ್ಚರ ತಪ್ಪಿರುತ್ತದೆ. ಇಜಿಎಫ್‌ಆರ್ 30ಕ್ಕಿಂತ ಕೆಳಗಿಳಿದರೆ ಮೆಟ್‌ಫಾರ್ಮಿನ್ ನಿಲ್ಲಿಸುತ್ತಾರೆ. ಶುಗರ್ ಔಷಧಿ ಕೊಡುವ ವೈದ್ಯರಿಗೂ ಕಿಡ್ನಿ ರಿಪೋರ್ಟ್ ತೋರಿಸಿ ಪ್ರಮಾಣ ಹೊಸದಾಗಿ ಬರೆಸಿಕೊಳ್ಳಿ. ಬಿಪಿ ಮಾತ್ರೆಯನ್ನು ಮಾತ್ರ ವೈದ್ಯರು ಹೇಳದೆ ಬೇರೆ ಯಾರ ಮಾತಿಗೂ ನಿಲ್ಲಿಸಬೇಡಿ. ಡಯಾಲಿಸಿಸ್ ದಿನ ಬೆಳಿಗ್ಗೆ ತೆಗೆದುಕೊಳ್ಳಬೇಕೋ ಬೇಡವೋ ಎಂದಷ್ಟೇ ಕೇಳಿಕೊಳ್ಳಿ.

ನಾಟಿ ಔಷಧಿಯ ವಿಷಯ. ಮಲೆನಾಡಿನಲ್ಲಿ ಅದರ ಮೇಲೆ ನಂಬಿಕೆ ಆಳವಾಗಿದೆ, ಆ ನಂಬಿಕೆಗೆ ಗೌರವವಿದೆ. ಆದರೆ ಬೇರಿನ ಕಷಾಯದಲ್ಲಿ ಪೊಟ್ಯಾಸಿಯಂ ಎಷ್ಟಿದೆ, ಭಸ್ಮದಲ್ಲಿ ಸೀಸ ಪಾದರಸ ಎಷ್ಟಿದೆ ಎಂದು ಹೇಳಬಲ್ಲವರಿಲ್ಲ, ಅದನ್ನು ಹೊರಹಾಕಬೇಕಾದ ಅಂಗವೇ ಸೋತಿದೆ. ಈಗಾಗಲೇ ಕುಡಿಯುತ್ತಿದ್ದರೆ ವೈದ್ಯರಿಂದ ಮುಚ್ಚಿಡಬೇಡಿ. ಬೈಗುಳಕ್ಕೆ ಹೆದರಿ ಮುಚ್ಚಿಟ್ಟರೆ ಪೊಟ್ಯಾಸಿಯಂ ಯಾಕೆ ಏರಿತು ಎಂದು ಯಾರಿಗೂ ಗೊತ್ತಾಗುವುದಿಲ್ಲ.

ನಾಲ್ಕು ದಾರಿಗಳು

ಯಂತ್ರದ ಡಯಾಲಿಸಿಸ್ ವಾರಕ್ಕೆ ಎರಡು ಅಥವಾ ಮೂರು ಸಲ, ಒಂದೊಂದು ಸಲ ನಾಲ್ಕು ಗಂಟೆ. ಮೂರು ಸಲ ಆದರೆ ಒಳ್ಳೆಯದು. ಮೊದಲ ಸಲ ಎರಡೇ ಗಂಟೆ ಮಾಡಿ ಕಳುಹಿಸಿದರೆ ಗಾಬರಿಯಾಗಬೇಡಿ. ರಕ್ತದ ಯೂರಿಯಾ ಒಮ್ಮೆಲೇ ಇಳಿದರೆ ಮಿದುಳು ಊದಿ ತಲೆನೋವು, ವಾಂತಿ, ಫಿಟ್ಸ್ ಬರಬಹುದೆಂದು ನಿಧಾನವಾಗಿ ಹೆಚ್ಚಿಸುತ್ತಾರೆ.

ಹೊಟ್ಟೆಯ ಡಯಾಲಿಸಿಸ್ ಬಗ್ಗೆ ನಮ್ಮಲ್ಲಿ ಮಾತೇ ಕಡಿಮೆ, ಆದರೆ ದೂರದ ಒಂಟಿ ಮನೆಗಳಿಗೆ ಇದನ್ನು ಖಂಡಿತ ಯೋಚಿಸಬೇಕು. ಹೊಟ್ಟೆಗೆ ಮೆತ್ತನೆಯ ಕೊಳವೆ ಹಾಕಿ, ಸುಮಾರು ಎರಡು ಲೀಟರ್ ದ್ರವವನ್ನು ದಿನಕ್ಕೆ ಮೂರು ನಾಲ್ಕು ಸಲ ಒಳಗೆ ಬಿಟ್ಟು, ಕೆಲವು ಗಂಟೆ ಇಟ್ಟು ಹೊರಗೆ ಬಿಡುವುದು. ಕೈಯಲ್ಲೇ ಮಾಡುವ ವಿಧಾನಕ್ಕೆ ಕರೆಂಟ್ ಬೇಡ, ವಾರಕ್ಕೆ ಮೂರು ಸಲ ಬಸ್ಸು ಹತ್ತುವುದೂ ತಪ್ಪುತ್ತದೆ. ಬೇಕಾದದ್ದು ಸೋರದ, ಹೊಗೆ ಬಾರದ, ಬೆಕ್ಕು ನಾಯಿ ಒಳಬಾರದ ಒಂದು ಸಣ್ಣ ಕೋಣೆ ಮತ್ತು ಸೋಪಿನಲ್ಲಿ ಕೈ ತೊಳೆಯುವ ಕಟ್ಟುನಿಟ್ಟು. ಹೊರಬಂದ ದ್ರವ ಗಂಜಿಯಂತೆ ಮಸುಕಾದರೆ, ಹೊಟ್ಟೆ ನೋವು ಬಂದರೆ ಸೋಂಕು ಎಂದೇ ತಿಳಿದು ಅಂದೇ ಹೋಗಬೇಕು. ತಿಂಗಳಿಗೆ 90ರಿಂದ 120 ಚೀಲ ಬೇಕಾಗುತ್ತದೆ, ಎಲ್ಲ ಸೇರಿ 200 ಕಿಲೋ ಮೀರುವ ಸಾಮಾನು. ಜೀಪು ಮನೆಯಂಗಳಕ್ಕೆ ಬರುತ್ತದೆಯೇ, ಮಳೆಗಾಲಕ್ಕೆ ಎಲ್ಲಿ ಒಣಗಿಸಿಡುತ್ತೀರಿ ಎಂದು ಮೊದಲೇ ನೋಡಿಕೊಳ್ಳಿ.

ಕಿಡ್ನಿ ಕಸಿಗೆ ಡಯಾಲಿಸಿಸ್ ಮಾಡಿ ಮಾಡಿ ಸೋತ ಮೇಲೆ ಹೋಗಬೇಕೆಂದೇನಿಲ್ಲ. ದಾನಿ ಸಿದ್ಧರಿದ್ದರೆ ಡಯಾಲಿಸಿಸ್ ಶುರುವಾಗುವ ಮೊದಲೇ ಮಾಡಬಹುದು. 1994ರ ಅಂಗಾಂಗ ಕಸಿ ಕಾಯ್ದೆ ಮತ್ತು ಅದರ ತಿದ್ದುಪಡಿಯಂತೆ ತಂದೆತಾಯಿ, ಮಕ್ಕಳು, ಒಡಹುಟ್ಟಿದವರು, ಗಂಡ ಹೆಂಡತಿ, ಅಜ್ಜ ಅಜ್ಜಿ, ಮೊಮ್ಮಕ್ಕಳು ಹತ್ತಿರದ ಸಂಬಂಧಿಗಳು. ಮನೆಯಲ್ಲಿ ದಾನಿ ಇಲ್ಲದಿದ್ದರೆ ಕಸಿ ಮಾಡುವ ಆಸ್ಪತ್ರೆಯ ಮೂಲಕ ರಾಜ್ಯದ ಜೀವಸಾರ್ಥಕತೆ ಪಟ್ಟಿಯಲ್ಲಿ ಹೆಸರು ಬರೆಸಿ. ಕಾಯುವ ಕಾಲ ಉದ್ದ, ಅದಕ್ಕೇ ಬೇಗ ಬರೆಸುವುದು. ಬೆಂಗಳೂರಿನಲ್ಲಿ ಸರ್ಕಾರದ್ದೇ ಆದ ನೆಫ್ರೊ ಯುರಾಲಜಿ ಸಂಸ್ಥೆ ಇದೆ. ಇನ್ನೊಂದು ಮಾತು: ನಮ್ಮ ಮನೆಗಳಲ್ಲಿ ಕೊಡುವವರು ಹೆಂಡತಿಯೋ ತಾಯಿಯೋ ಎಂದು ಯಾರೂ ಕೇಳದೆಯೇ ತೀರ್ಮಾನವಾಗಿಬಿಡುತ್ತದೆ. ಕೊಡುವವರನ್ನು ಒಬ್ಬರನ್ನೇ ಕೂರಿಸಿ, ಮನಸ್ಸಿದೆಯೇ ಎಂದು ಕೇಳಿ. ಕಸಿ ಆಗುವ ಸಾಧ್ಯತೆ ಇದ್ದರೆ ಅನಗತ್ಯವಾಗಿ ರಕ್ತ ಹಾಕಿಸಬೇಡಿ. ಬೇರೆಯವರ ರಕ್ತ ಹೆಚ್ಚು ಹೋದಷ್ಟೂ ಮುಂದೆ ಹೊಂದುವ ಕಿಡ್ನಿ ಸಿಗುವುದು ಕಷ್ಟ.

ತೀರಾ ವಯಸ್ಸಾದವರು, ಬೇರೆ ದೊಡ್ಡ ಕಾಯಿಲೆ ಇರುವವರು ಡಯಾಲಿಸಿಸ್ ಬೇಡ ಎಂದು ಔಷಧಿಯಲ್ಲೇ ಉಬ್ಬಸ, ತುರಿಕೆ, ನೋವು ಕಡಿಮೆ ಮಾಡಿಸಿಕೊಂಡು ಮನೆಯಲ್ಲಿರುವುದೂ ಒಂದು ದಾರಿ. ಅದನ್ನು ಅವರ ಬಾಯಿಂದಲೇ ಕೇಳಬೇಕು.

ಕಾಗದ, ಕಾರ್ಡು, ಬೆಡ್ಡು

ಬಿಪಿಎಲ್ ರೇಷನ್ ಕಾರ್ಡ್, ಆಧಾರ್, ಆಯುಷ್ಮಾನ್ ಕಾರ್ಡ್ ಮೂರರ ಹೆಸರು ಒಂದೇ ರೀತಿ ಇದೆಯೇ ನೋಡಿ. 'ಗಣಪತಿ' ಒಂದರಲ್ಲಿ, 'ಗಣಪತಪ್ಪ' ಇನ್ನೊಂದರಲ್ಲಿ ಇದ್ದರೆ ಅದನ್ನು ಸರಿಮಾಡಿಸುವುದೇ ಮೊದಲ ವಾರದ ಕೆಲಸ. ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ, ಎಪಿಎಲ್ ಕುಟುಂಬಕ್ಕೆ ಪ್ಯಾಕೇಜ್ ದರದ ಶೇ 30ರಷ್ಟು, 1.5 ಲಕ್ಷದ ಮಿತಿಯೊಳಗೆ ಸಿಗುತ್ತದೆ. ಆಸ್ಪತ್ರೆಯಲ್ಲಿ ಆರೋಗ್ಯ ಮಿತ್ರ ಎಂಬ ಸಿಬ್ಬಂದಿ ಎಲ್ಲಿ ಕೂರುತ್ತಾರೆ ಎಂದು ಕೇಳಿ, ರೆಫರಲ್ ಪತ್ರ ಬೇಕಾದರೆ ಅವರೇ ಹೇಳುತ್ತಾರೆ. 2016ರಲ್ಲಿ ಶುರುವಾದ ಪ್ರಧಾನ ಮಂತ್ರಿ ರಾಷ್ಟ್ರೀಯ ಡಯಾಲಿಸಿಸ್ ಕಾರ್ಯಕ್ರಮ ಬಡವರಿಗೆ ಉಚಿತ ಡಯಾಲಿಸಿಸ್‌ಗಾಗಿಯೇ ಇರುವುದು.

ಶಿವಮೊಗ್ಗದಲ್ಲಿರುವ ಮೆಗ್ಗಾನ್ ಆಸ್ಪತ್ರೆಯೇ ಜಿಲ್ಲೆಯ ದೊಡ್ಡ ಸರ್ಕಾರಿ ಆಸ್ಪತ್ರೆ. ರೋಗ ಪತ್ತೆ, ಫಿಸ್ಟುಲಾ ಚರ್ಚೆ ಅಲ್ಲಾದರೂ, ವಾರ ವಾರದ ಡಯಾಲಿಸಿಸ್‌ಗೆ ನಿಮ್ಮ ತಾಲ್ಲೂಕು ಆಸ್ಪತ್ರೆಯಲ್ಲಿ ಜಾಗ ಕೇಳಿ. ತೀರ್ಥಹಳ್ಳಿಯಿಂದ ಶಿವಮೊಗ್ಗ ಸುಮಾರು 60 ಕಿಲೋಮೀಟರ್, ಸಾಗರದಿಂದ ಸುಮಾರು 70. ಸುಸ್ತಾದ ಮೈಯಲ್ಲಿ ವಾರಕ್ಕೆ ಮೂರು ಸಲ ಹೋಗಿಬರುವುದು ಎಂದರೆ ಕಾಯಿಲೆಗಿಂತ ದಾರಿಯೇ ಹೆಚ್ಚು ದಣಿಸುತ್ತದೆ. ಈಗ ಜಾಗವಿಲ್ಲ ಎಂದರೆ ಕಾಯುವವರ ಪಟ್ಟಿಯಲ್ಲಿ ಹೆಸರು ಬರೆಸಿ, ಹದಿನೈದು ದಿನಕ್ಕೊಮ್ಮೆ ಹೋಗಿ ನೆನಪಿಸಿ. ಕೊನೆಯ ಬಸ್ಸು ಎಷ್ಟು ಹೊತ್ತಿಗೆ ಎಂದು ನೋಡಿಕೊಂಡು ಪಾಳಿ ಕೇಳಿ. ಡಯಾಲಿಸಿಸ್, ಕಸಿಗಾಗಿ ರೈಲಿನಲ್ಲಿ ಹೋಗುವ ರೋಗಿಗೆ ಮತ್ತು ಜೊತೆಗೊಬ್ಬರಿಗೆ ಟಿಕೆಟ್ ರಿಯಾಯಿತಿ ಇದೆ, ಆಸ್ಪತ್ರೆಯಿಂದ ರೈಲ್ವೆಯ ನಮೂನೆಯಲ್ಲಿ ಪ್ರಮಾಣಪತ್ರ ಬರೆಸಬೇಕು.

ಸೇರಿಸಿಕೊಳ್ಳುವ ಮೊದಲು ಹೆಪಟೈಟಿಸ್ ಬಿ, ಹೆಪಟೈಟಿಸ್ ಸಿ, ಎಚ್‌ಐವಿ ಪರೀಕ್ಷೆ ಕೇಳುತ್ತಾರೆ. ಹೆಪಟೈಟಿಸ್ ಬಿ ಲಸಿಕೆಯನ್ನು ಈಗಲೇ ಶುರು ಮಾಡಿ. ಕಿಡ್ನಿ ರೋಗಿಗೆ ಎರಡುಪಟ್ಟು ಪ್ರಮಾಣ, ಸಾಮಾನ್ಯವಾಗಿ 0, 1, 2 ಮತ್ತು 6ನೇ ತಿಂಗಳಲ್ಲಿ.

ಅಡುಗೆಮನೆ

ಹೆಚ್ಚು ತಪ್ಪುಗಳಾಗುವುದು ಇಲ್ಲೇ. ಸಿಕ್ಕವರೆಲ್ಲ ಒಂದೊಂದು ಬಿಡಿ ಎನ್ನುತ್ತಾರೆ, ಕೊನೆಗೆ ರೋಗಿ ಅನ್ನ ನೀರಿಗೆ ಬಂದು ಸೊರಗುತ್ತಾರೆ. ಆದ್ದರಿಂದ ನಿಮ್ಮ ರಿಪೋರ್ಟ್ ನೋಡಿ ಬಿಡಬೇಕಾದದ್ದನ್ನಷ್ಟೇ ಬಿಡಿ.

ಎಲ್ಲರೂ ಸಂಪೂರ್ಣ ಬಿಡಬೇಕಾದದ್ದು ಧಾರೆಹುಳಿ. ಉಪ್ಪಿನಕಾಯಿ, ಗೊಜ್ಜು, ಶರಬತ್ತು ಯಾವ ರೂಪದಲ್ಲೂ ಬೇಡ. ಅದರಲ್ಲಿರುವ ಮಿದುಳಿನ ವಿಷವನ್ನು ಆರೋಗ್ಯವಂತರ ಕಿಡ್ನಿ ಹೊರಹಾಕುತ್ತದೆ. ಸೋತ ಕಿಡ್ನಿಯವರಿಗೆ ಬಿಡದ ಬಿಕ್ಕಳಿಕೆ, ಗೊಂದಲ, ಫಿಟ್ಸ್ ಬಂದು ಸಾವೂ ಆಗಬಹುದು. ತಿಂದ ಮೇಲೆ ಬಿಕ್ಕಳಿಕೆ ಶುರುವಾದರೆ ತಕ್ಷಣ ಆಸ್ಪತ್ರೆಗೆ ಹೋಗಿ. ಅದರ ನೆಂಟ ಬಿಂಬುಳಿಯ ರಸವೂ ಆಕ್ಸಲೇಟ್‌ನಿಂದ ಕಿಡ್ನಿ ಕೆಡಿಸುತ್ತದೆ.

ಉಪ್ಪು ದಿನಕ್ಕೆ ಒಟ್ಟು 5 ಗ್ರಾಂ, ಅಂದರೆ ಒಂದು ಚಹಾ ಚಮಚ ಸಪಾಟಾಗಿ. ಬೆಳಿಗ್ಗೆಯೇ ಅಳೆದು ರೋಗಿಯ ಹೆಸರಲ್ಲಿ ಪುಟ್ಟ ಡಬ್ಬಿಗೆ ಹಾಕಿ, ಅವರ ಪಾಲಿನ ಅಡುಗೆಗೆ ಅದರಿಂದಲೇ ಬಳಸಿ. ಅಪ್ಪೆಮಿಡಿ ಉಪ್ಪಿನಕಾಯಿ, ಹಪ್ಪಳ, ಬಾಳಕದ ಮೆಣಸು, ಉಪ್ಪಿಗೆ ಹಾಕಿದ ಹಲಸಿನ ಸೊಳೆ, ಒಣಮೀನು ಈ ಲೆಕ್ಕವನ್ನು ಒಂದೇ ತುತ್ತಿನಲ್ಲಿ ಮುಗಿಸುತ್ತವೆ. ರುಚಿಗೆ ಲಿಂಬೆ, ಮುರುಗಲು, ಜೀರಿಗೆ, ಕಾಳುಮೆಣಸು, ಇಂಗಿನ ಒಗ್ಗರಣೆ ಇದೆ. 'ಕಡಿಮೆ ಸೋಡಿಯಂ' ಎಂದು ಮಾರುವ ಉಪ್ಪು ಮಾತ್ರ ತರಬೇಡಿ. ಅದರಲ್ಲಿ ಸೋಡಿಯಂ ಜಾಗದಲ್ಲಿ ಪೊಟ್ಯಾಸಿಯಂ ಇರುತ್ತದೆ.

ಪೊಟ್ಯಾಸಿಯಂ ಹೆಚ್ಚಿರುವವರಿಗೆ ಎಳನೀರು ಬೇಡವೇ ಬೇಡ. ರೋಗಿಯನ್ನು ನೋಡಲು ಬರುವ ನೆಂಟರೆಲ್ಲ ತರುವುದು ಅದನ್ನೇ. ಒಂದು ದೊಡ್ಡ ಎಳನೀರಿನಲ್ಲಿ 500 ಮಿಲಿಗ್ರಾಂಗಿಂತ ಹೆಚ್ಚು ಪೊಟ್ಯಾಸಿಯಂ ಇರುತ್ತದೆ. ಬಾಳೆಹಣ್ಣು, ಹಲಸು, ಮಾವು, ಜೋನಿಬೆಲ್ಲ, ನುಗ್ಗೆಸೊಪ್ಪು, ಬಸಳೆ, ಪತ್ರೊಡೆಯ ಕೆಸುವಿನೆಲೆ ಕೂಡ ಇದೇ ಸಾಲಿನವು. ಹೀರೆ, ಪಡವಲ, ಸೋರೆ, ಸೌತೆ, ಎಲೆಕೋಸು ಸುರಕ್ಷಿತ. ಹಣ್ಣಿನಲ್ಲಿ ಸೇಬಿನ ಅರ್ಧ, ಅನಾನಸಿನ ಒಂದು ಹೋಳು. ಆಲೂಗಡ್ಡೆ, ಸುವರ್ಣಗಡ್ಡೆ ತಿನ್ನಬೇಕೆನಿಸಿದರೆ ಸಣ್ಣಗೆ ಹೆಚ್ಚಿ, ಹೆಚ್ಚು ಬೆಚ್ಚನೆ ನೀರಿನಲ್ಲಿ ಎರಡು ಗಂಟೆ ನೆನೆಸಿ ಆ ನೀರು ಚೆಲ್ಲಿ, ಹೊಸ ನೀರಿನಲ್ಲಿ ಬೇಯಿಸಿ ಬಸಿಯಿರಿ. ಬಸಿದದ್ದನ್ನು ಬಸ್ಸಾರಿಗೆ ಹಾಕಿದರೆ ಮಾಡಿದ್ದೆಲ್ಲ ವ್ಯರ್ಥ.

ಪ್ರೋಟೀನ್ ವಿಷಯದಲ್ಲಿ ಲೆಕ್ಕ ತಿರುವುಮುರುವು. ಡಯಾಲಿಸಿಸ್‌ಗೆ ಮೊದಲು ಕಿಲೋ ತೂಕಕ್ಕೆ 0.6ರಿಂದ 0.8 ಗ್ರಾಂ ಸಾಕು. ಶುರುವಾದ ಮೇಲೆ 1ರಿಂದ 1.2 ಗ್ರಾಂ ಬೇಕು, 60 ಕಿಲೋದವರಿಗೆ 60ರಿಂದ 72 ಗ್ರಾಂ. ಡಯಾಲಿಸಿಸ್‌ನಲ್ಲಿ ಪ್ರೋಟೀನ್ ಅಂಶ ಸೋರಿಹೋಗುತ್ತದೆ. ಹಳೆಯ ಪಥ್ಯವನ್ನೇ ಮುಂದುವರಿಸಿ ಬೇಳೆ, ಮೊಟ್ಟೆ ಮುಟ್ಟದೆ ಕೂತವರು ಕರಗಿಹೋಗುತ್ತಾರೆ. ಒಂದು ಮೊಟ್ಟೆಯ ಬಿಳಿಭಾಗದಲ್ಲಿ ಸುಮಾರು 3.6 ಗ್ರಾಂ, 100 ಗ್ರಾಂ ಮೀನಿನಲ್ಲಿ ಸುಮಾರು 20 ಗ್ರಾಂ. ಊಟದಲ್ಲಿರುವ ರಂಜಕವನ್ನು (ಫಾಸ್ಫರಸ್) ಹಿಡಿಯುವ ಮಾತ್ರೆ ಕೊಟ್ಟಿದ್ದರೆ ಊಟದ ಜೊತೆಗೇ ತೆಗೆದುಕೊಳ್ಳಿ. ಖಾಲಿ ಹೊಟ್ಟೆಗೆ ಅದು ಕೆಲಸ ಮಾಡುವುದಿಲ್ಲ.

ನೀರಿಗೆ ಸೂತ್ರ ಒಂದೇ: ಹಿಂದಿನ 24 ಗಂಟೆಯ ಮೂತ್ರದ ಅಳತೆ, ಅದಕ್ಕೆ 500 ಮಿಲಿಲೀಟರ್ ಸೇರಿಸಿ. ಮೂತ್ರ 300 ಆದರೆ ದಿನಕ್ಕೆ 800. ಗಂಜಿ, ಸಾರು, ತಂಬುಳಿ, ಮಜ್ಜಿಗೆ, ಕಷಾಯ, ಕಾಫಿ ಎಲ್ಲ ಅದರಲ್ಲೇ. ಒಂದು ಬಾಟಲಿಗೆ 800 ತುಂಬಿಡಿ. ಬೇರೆ ಏನು ಕುಡಿದರೂ ಅಷ್ಟು ನೀರನ್ನು ಬಾಟಲಿಯಿಂದ ಚೆಲ್ಲಿ. ತೂಕದ ಯಂತ್ರ ಕೊಳ್ಳಿ, ಏಕೆಂದರೆ ಒಂದೆರಡು ದಿನದಲ್ಲಿ ಏರಿದ ಒಂದು ಕಿಲೋ ಎಂದರೆ ಒಂದು ಲೀಟರ್ ನೀರು. 60 ಕಿಲೋದವರಿಗೆ ಎರಡು ಡಯಾಲಿಸಿಸ್ ನಡುವೆ ಎರಡರಿಂದ ಎರಡೂವರೆ ಕಿಲೋ ದಾಟಬಾರದು. ದಾಟಿದರೆ ಯಂತ್ರ ರಭಸದಿಂದ ನೀರು ಎಳೆಯಬೇಕಾಗಿ ಬಿಪಿ ಕುಸಿಯುತ್ತದೆ, ಕಾಲು ಸೆಳೆತ ಬರುತ್ತದೆ. ಡಯಾಲಿಸಿಸ್ ಹಂತಕ್ಕೆ ಬಾರದೆ, ಊತವಿಲ್ಲದೆ, ಮೂತ್ರ ಚೆನ್ನಾಗಿ ಹೋಗುತ್ತಿರುವವರು ಮಾತ್ರ ನೀರು ನಿಲ್ಲಿಸಬೇಡಿ. ಕಿಡ್ನಿ ತೊಳೆಯಲೆಂದು ನಾಲ್ಕೈದು ಲೀಟರ್ ಕುಡಿಯಲೂ ಬೇಡಿ.

ಮನಸ್ಸು

ಮೊದಲ ವಾರಗಳಲ್ಲಿ ನಿದ್ದೆ ಬಾರದಿರುವುದು, ಸಿಟ್ಟು, ಯಾರಿಗೂ ಹೊರೆಯಾಗಬಾರದೆಂಬ ಯೋಚನೆ ಸಹಜ. ಔಷಧಿ ಬಿಡುವುದು, ಡಯಾಲಿಸಿಸ್‌ಗೆ ಬರುವುದಿಲ್ಲ ಎಂದು ಮುಖ ತಿರುಗಿಸಿ ಮಲಗುವುದು ಶುರುವಾದರೆ ಅದನ್ನು ಹಟ ಎಂದುಕೊಳ್ಳಬೇಡಿ. ಟೆಲಿ ಮಾನಸ್ 14416ಕ್ಕೆ ಕರೆ ಮಾಡಿದರೆ ಕನ್ನಡದಲ್ಲೇ ಮಾತಾಡಬಹುದು, ಕರೆ ಉಚಿತ. ಜೊತೆಗೆ ಹೋಗುವ ಕೆಲಸವನ್ನು ಮನೆಯ ಒಬ್ಬರ ಮೇಲೇ ಹಾಕದೆ ಇಬ್ಬರು ಮೂವರು ಹಂಚಿಕೊಳ್ಳಿ.

ಮಳೆಗಾಲಕ್ಕೆ ಮುಂಚೆ

ಜೂನ್ ಬರುವ ಮೊದಲೇ ಒಂದು ತಿಂಗಳ ಔಷಧಿ ಮನೆಯಲ್ಲಿರಲಿ. ರಕ್ತ ಹೆಚ್ಚಿಸುವ ಎರಿತ್ರೊಪೊಯೆಟಿನ್ ಇಂಜೆಕ್ಷನ್ 2ರಿಂದ 8 ಡಿಗ್ರಿಯಲ್ಲಿರಬೇಕು. ಮೂರು ದಿನ ಕರೆಂಟ್ ಇಲ್ಲದ ಮನೆಯ ಫ್ರಿಜ್ ನಂಬಿ ಇಡುವುದಕ್ಕಿಂತ ಡಯಾಲಿಸಿಸ್ ಕೇಂದ್ರದಲ್ಲೇ ಇಡಿಸಿ, ಅಲ್ಲೇ ಹಾಕಿಸಿಕೊಳ್ಳಿ. ಐಸಿಗೆ ತಾಗಿ ಹೆಪ್ಪುಗಟ್ಟಿದ ಇಂಜೆಕ್ಷನ್ ಉಪಯೋಗಕ್ಕಿಲ್ಲ. ಡಯಾಲಿಸಿಸ್‌ನಲ್ಲಿ ರಕ್ತ ಹೆಪ್ಪುಗಟ್ಟದಂತೆ ಹೆಪಾರಿನ್ ಕೊಟ್ಟಿರುತ್ತಾರೆ, ಅಂದು ಸಂಜೆ ತೋಟಕ್ಕಿಳಿಯಬೇಡಿ. ಉಂಬಳ ಕಚ್ಚಿದ ಜಾಗ ಗಂಟೆಗಟ್ಟಲೆ ಸೋರುತ್ತದೆ.

ಶರಾವತಿ ಹಿನ್ನೀರಿನಾಚೆಯ ತುಮರಿ ಕಡೆಯವರಿಗೆ 2025ರ ಜುಲೈನಲ್ಲಿ ಸೇತುವೆ ತೆರೆದ ಮೇಲೆ ಲಾಂಚ್ ಕಾಯುವ ಕಷ್ಟ ತಪ್ಪಿದೆ. ಉಳಿದ ಎಷ್ಟೋ ಊರುಗಳಲ್ಲಿ ಮರ ಬಿದ್ದರೆ, ಧರೆ ಕುಸಿದರೆ ದಾರಿ ಬಂದ್ ಆಗುತ್ತದೆ. ಭಾರಿ ಮಳೆಯ ಮುನ್ಸೂಚನೆ ಬಂದ ಕೂಡಲೇ ಕೇಂದ್ರಕ್ಕೆ ಫೋನ್ ಮಾಡಿ ಒಂದು ದಿನ ಮುಂಚೆಯೇ ಡಯಾಲಿಸಿಸ್ ಆಗುತ್ತದೆಯೇ ಕೇಳಿ. ಇಲ್ಲವೆಂದರೆ ಪೇಟೆಯ ನೆಂಟರ ಮನೆಗೆ ಹಿಂದಿನ ದಿನವೇ ಹೋಗಿ ಉಳಿಯಿರಿ.

ಆದರೂ ತಪ್ಪಿತು ಎನ್ನಿ. ಆ ಕ್ಷಣದಿಂದ ದ್ರವ ಅರ್ಧಕ್ಕಿಳಿಸಿ. ಬಿಳಿ ಅನ್ನ, ಉಪ್ಪಿಲ್ಲದ ದೋಸೆ, ತುಪ್ಪ, ಬಸಿದ ಸೋರೆಕಾಯಿ ಪಲ್ಯ, ಒಂದೆರಡು ಮೊಟ್ಟೆಯ ಬಿಳಿಭಾಗ ಅಷ್ಟೇ. ಸಕ್ಕರೆ ಕಾಯಿಲೆ ಇಲ್ಲದವರು ಹಸಿವಿಗೆ ಸಕ್ಕರೆ ಹಾಕಿದ ಅವಲಕ್ಕಿ ತಿನ್ನಬಹುದು. ಹಣ್ಣು, ಸೊಪ್ಪು, ಬೇಳೆ, ಹಾಲು, ತೆಂಗಿನಹಾಲು ಬೇಡ. ಪೊಟ್ಯಾಸಿಯಂ ಇಳಿಸುವ ಪುಡಿಯ ಪೊಟ್ಟಣಗಳನ್ನು ವೈದ್ಯರಿಂದ ಮೊದಲೇ ಬರೆಸಿ ತಂದಿಟ್ಟಿದ್ದರೆ ಅವರು ಹೇಳಿದ ಪ್ರಮಾಣದಲ್ಲಿ ಕೊಡಿ. ಇದು ಒಂದೆರಡು ದಿನ ತಳ್ಳಲು ಮಾತ್ರ. ದಿಂಬು ಎತ್ತರಿಸದೆ ಮಲಗಲಾಗುತ್ತಿಲ್ಲ ಎಂದು ರೋಗಿ ಹೇಳಿದರೆ ದಾರಿ ತೆರೆಯಲಿ ಎಂದು ಕಾಯದೆ 108ಕ್ಕೆ ಕರೆ ಮಾಡಿ, ಮರ ಎಲ್ಲಿ ಬಿದ್ದಿದೆ ಎಂದೂ ತಿಳಿಸಿ. ಮರದಾಚೆ ಬದಿಗೆ ಆಂಬುಲೆನ್ಸ್ ಬಂದು ನಿಲ್ಲಲಿ. ಈಚೆಯಿಂದ ಅಲ್ಲಿಯವರೆಗೆ ಕುರ್ಚಿಯಲ್ಲಿ ಕೂರಿಸಿ ಹೊತ್ತೊಯ್ಯಲು ನಾಲ್ಕು ಜನರನ್ನು ಕರೆಯಿರಿ. ಉಬ್ಬಸ ಇರುವವರನ್ನು ಅಂಗಾತ ಮಲಗಿಸಿ ಹೊರಬಾರದು.